ಬಾಗಿಲಿಗೆ ಬೆನ್ನು ಕೊಟ್ಟು ಕೇಳಿದವರು

"ಅಮ್ಮಾ, ತಗಡಿನ ಅಜ್ಜನ್ನ ಯಾಕೆ ಒಳಗೆ ಬಿಡಲ್ಲ? ಅವರೇನು ತಪ್ಪು ಮಾಡಿದ್ದಾರೆ?"

ಲಾಜ್ಗಿ ಕುಣಿತದ ಹಬ್ಬದ ಮೊದಲ ಸಂಜೆ ತಾಶ್‌ಹೌಲಿ ಅರಮನೆಯ ಬಾಗಿಲಲ್ಲಿ ನನ್ನ ಮಗಳು ಝುಮ್ರದ್ ಹೀಗೆ ಕೇಳಿದಾಗ ನನ್ನ ಒಂದು ಕೈಯಲ್ಲಿ ಅವಳ ಕೈ, ಇನ್ನೊಂದರಲ್ಲಿ ಎರಡು ದಿಂಬು, ಕಂಕುಳಲ್ಲಿ ಚಹಾದ ಫ್ಲಾಸ್ಕು. ಬಿಸಿಲು ಇಳಿದಿದ್ದರೂ ಇಟ್ಟಿಗೆಯ ನೆಲ ಇನ್ನೂ ಕಾದ ಹೆಂಚಿನ ಹಾಗಿತ್ತು. ಅರಮನೆಯ ಮರದ ಬಾಗಿಲಿನ ಒಂದು ಕದ ತೆರೆದಿತ್ತು, ಜನ ಅದರಲ್ಲಿ ನುಗ್ಗುತ್ತಿದ್ದರು. ಮುಚ್ಚಿದ್ದ ಇನ್ನೊಂದು ಕದಕ್ಕೆ ಬೆನ್ನು ಒತ್ತಿಕೊಂಡು, ಮೋಟು ಮಣೆಯ ಮೇಲೆ, ಮತ್ನಿಯಾಜ್ ಅಜ್ಜ ಕಣ್ಣು ಮುಚ್ಚಿ ಕೂತಿದ್ದರು. ಪಕ್ಕದ ಗೋಡೆಗೆ ಅವರ ಸೈಕಲ್ಲೂ ಒರಗಿತ್ತು. ಇಬ್ಬರದೂ ಒಂದೇ ಭಂಗಿ.

"ಬಿಡಲ್ಲ ಅಂತಲ್ಲ ಪುಟ್ಟಿ. ಅವರಿಗೆ ಅಲ್ಲೇ ಅಭ್ಯಾಸ" ಎಂದೆ.

"ಆದ್ರೆ ಕುಣಿಯೋದು ಒಳಗಲ್ವಾ?"

ಅಷ್ಟರಲ್ಲಿ ಒಳಗೆ ದಾಯಿರಾ ತಮಟೆಯ ಬಡಿತ ಶುರುವಾಯಿತು. ಜಾಗ ಹೋಗುತ್ತದೆಂದು ಮಗಳನ್ನು ಎಳೆದುಕೊಂಡು ಓಡಿದೆ. ಆ ಪ್ರಶ್ನೆ ಮಾತ್ರ ನನ್ನ ಸೆರಗು ಹಿಡಿದೇ ಒಳಗೆ ಬಂತು. ಈಗ ಹಿಟ್ಟು ನಾದಿಟ್ಟಿದ್ದೇನೆ, ಅದು ಉಬ್ಬುವ ಹೊತ್ತಿಗೆ ಬರೆದು ಮುಗಿಸಬೇಕು.

ನಮ್ಮ ಖಿವಾದ ಕೋಟೆಯೊಳಗೆ ಮನೆಗಳೆಲ್ಲ ಗೋಡೆಗೆ ಗೋಡೆ ಅಂಟಿಕೊಂಡಿವೆ. ಪಕ್ಕದ ಮನೆಯ, ತಗಡು ಕೆಲಸದ ಮತ್ನಿಯಾಜ್ ಅಜ್ಜನ ಸುತ್ತಿಗೆಯೇ ನಮ್ಮ ಬೀದಿಯ ಗಡಿಯಾರ. ಬಕೆಟ್ಟು, ಬೋಗುಣಿ, ಒಲೆಯ ಹೊಗೆ ಕೊಳವೆ ಎಲ್ಲ ಮಾಡುತ್ತಾರೆ. ಆದರೆ ಹೆಸರು ಬಂದಿದ್ದು ಮದುವೆಯ ಪೆಟ್ಟಿಗೆಗಳಿಂದ. ಮದುಮಗಳ ಮರದ ಪೆಟ್ಟಿಗೆಗೆ ಬಣ್ಣದ ತಗಡಿನ ಪಟ್ಟಿ ಹೊಡೆದು, ಅದರಲ್ಲಿ ನಕ್ಷತ್ರ, ದಾಳಿಂಬೆ ಬಿಡಿಸುವವರು ಅವರು. ನನ್ನ ಪೆಟ್ಟಿಗೆಯೂ ಅವರ ಕೈಯದೇ. ಉರ್ಗೆಂಚಿನಿಂದ ಸೊಸೆಯಾಗಿ ಬಂದ ದಿನ ಆ ಪೆಟ್ಟಿಗೆಯ ಮೇಲೆ ನನ್ನನ್ನು ಕೂರಿಸಿ, ನನ್ನನ್ನು ಅಳಿಸುವ ತನಕ ಹಾಡಿದವರು ಅವರ ಹೆಂಡತಿ ಬಿಕಾಜಾನ್ ಖಲ್ಫಾ.

ಖಲ್ಫಾ ಎಂದರೆ ಹೆಂಗಸರ ಕೂಟದಲ್ಲಿ ಹಾಡುವವಳು. ಎದೆಗೆ ಹಾರ್ಮೋನಿಯಂ ಜಾತಿಯ ಗರ್ಮೋನ್ ಕಟ್ಟಿಕೊಂಡು, ಅದರ ತಿದಿ ಎಳೆಯುತ್ತ, ಮದುವೆ ಮನೆಯ ಒಳ ಅಂಗಳದಲ್ಲಿ ಕೂತು ಹಾಡುತ್ತಾಳೆ. ಅಲ್ಲಿಗೆ ಗಂಡಸು ಕಾಲಿಡುವಂತಿಲ್ಲ, ಅವಳ ಗಂಡನೂ ಇಲ್ಲ. ಆದರೆ ಗರ್ಮೋನ್ ಭಾರ, ದಾರಿ ದೂರ. ಹಾಗಾಗಿ ಮದುವೆಯಾದ ಮೊದಲ ವರ್ಷದಿಂದಲೂ ಅಜ್ಜ ಅದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೆಂಡತಿಯನ್ನು ಮದುವೆ ಮನೆಗೆ ಮುಟ್ಟಿಸಿ, ತಾವು ಹೊರಗೆ ಬಾಗಿಲ ಬಳಿ ಕೂರುತ್ತಿದ್ದರು. ಕೂಟ ಮುಗಿದ ಮೇಲೆ ಇಬ್ಬರೂ ನಡೆದು ಮನೆಗೆ. ದಾರಿಯಲ್ಲಿ ಅಜ್ಜಿ ಕೇಳುವುದು ಒಂದೇ ಮಾತು: "ಹೇಗಿತ್ತು?" ಅಜ್ಜ ಹೇಳುವುದೂ ಒಂದೇ, ಅವತ್ತಿನ ತಪ್ಪು. "ಎರಡನೇ ಹಾಡು ಎಳೆದೆ." "ಲಾಜ್ಗಿ ಓಡಿಸಿದೆ, ಕುಣಿಯೋರ ಉಸಿರು ಹೋಯ್ತು." ಅಲ್ಲಿಂದ ಮನೆ ತನಕ ಜಗಳ. ಆ ಜಗಳ ಕೇಳಿಯೇ ಬೀದಿಯವರು, ಖಲ್ಫಾ ವಾಪಸು ಬಂದಳು ಎಂದು ತಿಳಿಯುತ್ತಿದ್ದರು.

ಅಂದರೆ ಈ ಮನುಷ್ಯ ತನ್ನ ಹೆಂಡತಿ ಹಾಡುವುದನ್ನು ಇಷ್ಟು ವರ್ಷ ಕೇಳಿದ್ದಾರೆ, ನೋಡಿಲ್ಲ.

ಮರುದಿನ ಮಧ್ಯಾಹ್ನ ನಮ್ಮ ಅಂಗಳದಲ್ಲಿ ಝುಮ್ರದ್ ಮತ್ತು ಅಜ್ಜ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ನಾನು ಏಪ್ರಿಕಾಟ್ ಹಣ್ಣು ಸೀಳಿ ಒಣಹಾಕುತ್ತಿದ್ದೆ. ಮಗಳ ಪ್ರಕಾರ ಕೋಟೆಯೊಳಗೆ ಅಜ್ಜನಷ್ಟು ಒಳ್ಳೆಯ ಆಟಗಾರರಿಲ್ಲ, ಏಕೆಂದರೆ ಅವರು ಅವಳನ್ನು ಹಿಡಿಯುವುದೇ ಇಲ್ಲ. ಅವಳು ಅವರ ಬೆನ್ನ ಹಿಂದೆಯೇ ನಿಂತು "ಅಜ್ಜಾ, ನಾನಿಲ್ಲೀ!" ಎಂದು ಕೂಗಿದಳು. ಅಜ್ಜ ಬಾವಿಯ ಕಡೆ ನೋಡಿದರು. "ಇಲ್ಲೀ!" ಅಜ್ಜ ಒಲೆಯ ಹಿಂದೆ ಬಗ್ಗಿದರು. ನಾನು ನಗುತ್ತಿದ್ದೆ. ಆಮೇಲೆ ಅವಳು ತಗಡಿನ ಬೋಗುಣಿಯನ್ನು ಅವರ ಹಿಮ್ಮಡಿಯ ಹತ್ತಿರ ಧಡಾರೆಂದು ಬೀಳಿಸಿದಳು. ಬೆಕ್ಕು ಮಾಡು ಹತ್ತಿತು. ಅಜ್ಜನ ಭುಜ ಅಲುಗಲಿಲ್ಲ.

ನನ್ನ ನಗು ಅಲ್ಲೇ ನಿಂತಿತು. ಮಗಳನ್ನು ಕುಡಿಯುವ ನೀರು ತರಲು ಮನೆಯೊಳಗೆ ಕಳಿಸಿ, ಅವರ ಎದುರಿಗೆ ಹೋಗಿ ನಿಂತೆ.

"ಅಜ್ಜ, ಎಷ್ಟು ದಿನದಿಂದ?"

ಅವರು ನನ್ನ ಬಾಯಿಯನ್ನೇ ನೋಡಿದರು. ಮೊದಲು ಏನೋ ತಮಾಷೆ ಹೇಳುವವರ ಹಾಗೆ ಮುಖ ಮಾಡಿ, ಆಮೇಲೆ ಬಿಟ್ಟರು. "ಎರಡು ಚಳಿಗಾಲ ಆಯ್ತು ಮಗಳೇ. ತಗಡು ಬಡಿಯೋರ ಕಿವಿ ಅಲ್ವಾ, ಮೊದಲೇ ಅರ್ಧ ಸತ್ತಿತ್ತು."

"ಮನೇಲಿ ಗೊತ್ತಾ?"

"ಮನೆ ತುಂಬ ಮೊಮ್ಮಕ್ಕಳು, ಎಲ್ರೂ ಕಿರುಚೇ ಮಾತಾಡೋದು. ಇನ್ನು ಅವಳು... ಮೊದಲಿಂದಲೂ ಅವಳು ಮಾತಾಡೋದು, ನಾನು ತಲೆಯಾಡಿಸೋದು. ಮುಖ ನೋಡಿದ್ರೆ ಅರ್ಧ ತಿಳಿಯುತ್ತೆ, ಉಳಿದಿದ್ದು ಊಹೆ. ಗಂಡನಾದೋನಿಗೆ ಅಷ್ಟು ಸಾಕು."

"ಮತ್ತೆ ಅರಮನೆ ಬಾಗಿಲಲ್ಲಿ ಕೂತಿದ್ರಲ್ಲ?"

"ಹಳೇ ಮರ ಅದು. ಬೆನ್ನು ಕೊಟ್ರೆ ದಾಯಿರಾ ಬೆನ್ನಿಗೆ ತಾಗುತ್ತೆ. ಹಾಡು ತಾಗಲ್ಲ."

ಕಿವಿಗೆ ಯಂತ್ರ ಹಾಕಿಸಿಕೊಳ್ಳಿ, ಉರ್ಗೆಂಚಿನಲ್ಲಿ ನನ್ನ ಅಣ್ಣನಿಗೆ ಗೊತ್ತಿರುವ ಡಾಕ್ಟರಿದ್ದಾರೆ ಎಂದೆ. ಯಾರದೋ ಯಂತ್ರ ಹಾಕಿ ನೋಡಿದರಂತೆ, ತಲೆಯೊಳಗೆ ತಮ್ಮದೇ ತಗಡಿನ ಅಂಗಡಿ ತೆರೆದ ಹಾಗಾಯಿತಂತೆ. "ಅದೂ ಅಲ್ದೆ, ಕಿವೀಲಿ ಅದನ್ನ ಕಂಡ್ರೆ ಅವಳು ಹಾಡೋದೇ ಬಿಟ್ಟಾಳು. ಯಾರಿಗೋಸ್ಕರ ಹಾಡ್ಲಿ ಅಂತಾಳೆ. ನೀನು ಬಾಯಿ ಬಿಡಬೇಡ ಸೊಸೆ."

ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಎರಡೇ ದಿನಕ್ಕೆ ಆ ಮಾತು ಗಂಟಲಲ್ಲಿ ಮುಳ್ಳಾಯಿತು.

ಹಬ್ಬ ಒಂದು ಅಂಗಳದಿಂದ ಇನ್ನೊಂದು ಅಂಗಳಕ್ಕೆ ಸಾಗುತ್ತಿತ್ತು. ಒಂದು ಸಂಜೆ ಮದ್ರಸಾದ ಅಂಗಳದಲ್ಲಿ ನುಣುಪು ಕಲ್ಲುಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಕಟಕಟ ಬಡಿಯುತ್ತ ಕುಣಿದರು. ಝುಮ್ರದ್ ಅಂದಿನಿಂದ ಮನೆಯಲ್ಲಿ ಸಿಕ್ಕಿದ ಕಲ್ಲನ್ನೆಲ್ಲ ಬಡಿಯುತ್ತಿದ್ದಾಳೆ, ಒಂದು ಪಿಂಗಾಣಿ ಬಟ್ಟಲು ಹೋಗಿದೆ. ಈ ವರ್ಷ ಕೊನೆಯ ಸಂಜೆಯನ್ನು ಖಲ್ಫಾಗಳಿಗೇ ಬಿಟ್ಟಿದ್ದರು. ತಾಶ್‌ಹೌಲಿಯ ಅಂತಃಪುರದ ಅಂಗಳದಲ್ಲಿ, ಗಂಡಸರೂ ಹೆಂಗಸರೂ ಒಟ್ಟಿಗೆ ಕೂತು ಕೇಳುವ ಕೂಟ. ಹಬ್ಬದ ಕೆಲಸದ ಹುಡುಗಿಯೊಬ್ಬಳು ಬಿಕಾಜಾನ್ ಅಜ್ಜಿಯನ್ನು ಕರೆಯಲು ಮೂರು ಸಲ ಬಂದುಹೋಗಿದ್ದಳು.

ನಾನೂ ಅಜ್ಜಿಯೂ ಒಂದೇ ತಂದೂರಿ ಒಲೆಯಲ್ಲಿ ರೊಟ್ಟಿ ಸುಡುವುದು. ಆವತ್ತು ನಾನು ಕೇಳಿಯೇಬಿಟ್ಟೆ.

"ಏನಜ್ಜಿ, ಹೋಗ್ತೀರಂತಾ?"

"ಖಾನನ ಕಾಲದಲ್ಲಿ ಗಂಡು ನೊಣ ಕೂಡ ಹಾರದ ಅಂಗಳ. ಅಲ್ಲಿ ಗಂಡಸರ ಮುಂದೆ ಹಾಡು ಅಂತಾರೆ, ಹೇಗಿದೆ ಕಾಲ!" ಎಂದು ನಕ್ಕರು. ಒಲೆಯೊಳಗೆ ಕೈ ಇಳಿಸಿ ಒಂದು ರೊಟ್ಟಿ ಬಡಿದರು. ನಗು ಅಷ್ಟರಲ್ಲಿ ಆರಿತ್ತು. "ಆಗಲ್ಲ ಅಂತ ಹೇಳಿ ಕಳಿಸ್ತೀನಿ ಕಣೇ."

"ನಾಚಿಕೆನಾ?"

"ಈ ವಯಸ್ಸಲ್ಲಿ ಎಂಥ ನಾಚಿಕೆ! ಕೈ ಹೋಗಿದೆ ನಂದು. ಧ್ವನಿನೂ ಹೋಗಿರಬೇಕು."

"ಯಾರು ಹೇಳಿದ್ರು? ಮೊನ್ನೆ ಮದುವೇಲಿ ಎಲ್ಲ ಅತ್ತಿದ್ದೇ ಅತ್ತಿದ್ದು."

"ಮದುವೇಲಿ ಅಳೋಕೆ ಜನಕ್ಕೆ ಈರುಳ್ಳಿ ಸಾಕು. ನಮ್ಮ ಮುದುಕ ಹೇಳಿದ್ರು." ದನಿ ತಗ್ಗಿಸಿದರು. "ಎರಡು ವರ್ಷದಿಂದ 'ಹೇಗಿತ್ತು' ಅಂದ್ರೆ 'ಚೆನ್ನಾಗಿತ್ತು' ಅಂತಾರೆ."

"ಅಯ್ಯೋ, ಒಳ್ಳೇದಲ್ವಾ ಅದು?"

"ಒಳ್ಳೇದಾ! ಆ ಬಾಯಿಂದ ಆ ಮಾತು ಯಾವತ್ತೂ ಬಂದಿರಲಿಲ್ಲ. ಎಷ್ಟು ಕೆಟ್ಟು ಹೋಗಿದ್ರೆ ಅವರಿಗೆ ನನ್ನ ಮೇಲೆ ಕರುಣೆ ಬಂದಿರಬೇಕು ಹೇಳು. ಜನ ತಪ್ಪು ಎಣಿಸದೆ ಬಿಡೋದು ಸತ್ತೋರದ್ದು ಮಾತ್ರ ಸೊಸೆ."

ರೊಟ್ಟಿ ಸೀಯುವ ವಾಸನೆ ಬಂದಾಗಲೇ ನಾನು ಒಲೆಯ ಕಡೆ ತಿರುಗಿದ್ದು. ಇವರಿಗೆ ನಿಜ ಹೇಳಿದರೆ ಅಜ್ಜನಿಗೆ ಕೊಟ್ಟ ಮಾತು ಹೋಗುತ್ತದೆ. ಹೇಳದಿದ್ದರೆ ಈ ಹೆಂಗಸು ಗರ್ಮೋನನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ನನಗೆ ತೋಚಿದ್ದು ಇಷ್ಟೇ: "ಅಜ್ಜಿ, ಈ ಸಲ ಅಜ್ಜನೂ ಒಳಗೆ ಬರಬಹುದಲ್ಲ. ಎದುರಿಗೆ ಕೂರಿಸಿಕೊಳ್ಳಿ. ಬಾಯಿ ಸುಳ್ಳು ಹೇಳಬಹುದು, ಮುಖ ಹೇಳುತ್ತಾ?"

ಅವರು ಕೈಯ ಹಿಟ್ಟು ಕೊಡವಿದರು. "ಹಾಗಾದ್ರೆ ಹೋಗಿ ಹೇಳು. ಮುಂದಿನ ಸಾಲಲ್ಲಿ ಆ ಮುದುಕ ಕೂತ್ರೆ ಹಾಡ್ತೀನಿ. ಇಲ್ಲಾಂದ್ರೆ ಇಲ್ಲ."

ಅಜ್ಜನಿಗೆ ಈ ಮಾತು ಮುಟ್ಟಿಸಿದಾಗ ಅವರ ಕೈಯ ಸುತ್ತಿಗೆ ಮೇಲೇ ನಿಂತಿತು.

"ಇದೇನು ಮಾಡಿಟ್ಟೆ ಮಗಳೇ! ಬಾಗಿಲ ಹೊರಗೆ ಕೂತ್ರೆ ಮುಖಕ್ಕೆ ಕೆಲಸ ಇರಲಿಲ್ಲ. ಅಲ್ಲಿ ಎಲ್ಲಿ ತಲೆದೂಗಬೇಕು, ಎಲ್ಲಿ ಹುಬ್ಬು ಗಂಟಿಕ್ಕಬೇಕು ಅಂತ ನನಗೇನು ಗೊತ್ತಾಗುತ್ತೆ?"

"ನೀವು ಹೋಗದಿದ್ರೆ ಅವರು ಹಾಡಲ್ಲ. ಇದೊಂದೇ ಅಲ್ಲ, ಇನ್ನು ಮುಂದೆ ಎಲ್ಲೂ ಹಾಡಲ್ಲ." ಅವರಿಗೆ ತಪ್ಪದೆ ತಿಳಿಯಲೆಂದು ನಿಧಾನವಾಗಿ, ಒಂದೊಂದೇ ಮಾತಾಗಿ ಹೇಳಿದೆ. "ನಿಮ್ಮ 'ಚೆನ್ನಾಗಿತ್ತು' ಅವರನ್ನ ಕೊಲ್ತಾ ಇದೆ ಅಜ್ಜ. ಕಿವಿ ವಿಷಯ ಹೇಳಿಬಿಡಿ, ಇಲ್ಲಾಂದ್ರೆ ಬಂದು ಕೂತ್ಕೊಳ್ಳಿ. ಎರಡರಲ್ಲಿ ಒಂದು."

ಅವರು ತಗಡಿನ ಮೇಲೆ ಅರ್ಧ ಮೂಡಿದ್ದ ದಾಳಿಂಬೆಯನ್ನು ಹೆಬ್ಬೆರಳಿನಿಂದ ಉಜ್ಜಿದರು. "ನನ್ನ ಒಳ್ಳೇ ಟೋಪಿ ಎಲ್ಲಿಟ್ಟಿದ್ದಾಳೋ ಕೇಳಿ ಬಾ" ಎಂದರು.

ಕೊನೆಯ ಸಂಜೆ ಹೊತ್ತಿಗೆ ಮುಂಚೆ ಹೋದೆವು. ಅಂತಃಪುರದ ಅಂಗಳದ ನೀಲಿ ಹಂಚಿನ ಗೋಡೆಗಳ ಮೇಲೆ ಇನ್ನೂ ಬೆಳಕಿತ್ತು. ಪಡಸಾಲೆಯ ಎತ್ತರದ ಮರದ ಕಂಬದ ಪಕ್ಕದಲ್ಲೇ ಜಾಗ ಹಿಡಿದೆ. ಹಾಡುವವರ ಹಲಗೆಯ ಜಗಲಿ ಆ ಕಂಬಕ್ಕೆ ತಾಗಿಕೊಂಡೇ ಇತ್ತು. ಅಜ್ಜ ಬಾಗಿಲವರೆಗೆ ಸರಿಯಾಗಿ ಬಂದು, ಕದದ ಬಳಿ ಕಾಲು ತಾನಾಗಿ ನಿಂತು, ಮಣೆ ಹುಡುಕುವವರ ಹಾಗೆ ಸುತ್ತ ನೋಡಿದರು. ಝುಮ್ರದ್ ಕೈ ಹಿಡಿದು ಎಳೆದಳು: "ಬನ್ನಿ ಅಜ್ಜ, ಇವತ್ತು ಬಿಡ್ತಾರೆ!"

ಬಿಕಾಜಾನ್ ಅಜ್ಜಿ ತಮ್ಮ ತಂಗಿಯ ಜೊತೆ ಜಗಲಿ ಹತ್ತಿದರು. ತಂಗಿಯ ಕೈಯಲ್ಲಿ ದಾಯಿರಾ. ಮದುವೆ ಮನೆಯಲ್ಲಿ ಕೂರುವ ಹಾಗೆಯೇ ಇಬ್ಬರೂ ಒಬ್ಬರಿಗೊಬ್ಬರು ಮುಖಮಾಡಿ ಕೂತರು. ಹಬ್ಬದ ಹುಡುಗಿ ಓಡಿ ಬಂದು ಜನರ ಕಡೆ ತಿರುಗಿಸಿದಳು. ಅಜ್ಜಿಯ ಕಣ್ಣು ಸಾಲಿನ ಮೇಲೆ ಓಡಿ, ಒಳ್ಳೆಯ ಟೋಪಿಯ ಮೇಲೆ ನಿಂತಿತು. ತಿದಿ ಬಿಚ್ಚಿಕೊಂಡಿತು.

ಮೊದಲ ಹಾಡಿನಲ್ಲಿ ನಾನು ಹಾಡು ಕೇಳಲೇ ಇಲ್ಲ, ಅಜ್ಜನನ್ನೇ ನೋಡುತ್ತಿದ್ದೆ. ಒಂದು ಅಂಗೈ ಕಂಬಕ್ಕೆ ಒತ್ತಿ, ಉಸಿರು ಹಿಡಿದು ಕೂತಿದ್ದರು. ನಾನು ಅವರ ಮೊಣಕೈಯ ಹತ್ತಿರ ಕೈ ಇಟ್ಟಿದ್ದೆ, ಬೇಕಾದರೆ ತಿವಿಯೋಣವೆಂದು. ಬೇಕಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ತುಟಿ ಅಲುಗತೊಡಗಿತು. ಅಜ್ಜಿಯ ತುಟಿಯ ಜೊತೆ, ಅದೇ ಮಾತು, ಅದೇ ಹೊತ್ತಿಗೆ. ಅವರು ಹಾಡನ್ನು ಅಜ್ಜಿಯ ಬಾಯಿಂದ ಓದಿಕೊಳ್ಳುತ್ತಿದ್ದರು. ಎಲ್ಲ ಹಾಡೂ ಅವರಿಗೆ ಬಾಯಿಪಾಠ, ಇಷ್ಟು ವರ್ಷ ಬಾಗಿಲ ಹೊರಗೆ ಕೂತವರಲ್ಲವೇ.

ಮದುಮಗಳನ್ನು ಕಳಿಸಿಕೊಡುವ ಹಾಡಿನ ನಡುವೆ ಒಂದು ಕಡೆ ಅಜ್ಜನ ತುಟಿ ಬೇರೆ ಮಾತು ಹಿಡಿದು, ನಿಂತು, ಮತ್ತೆ ಸೇರಿಕೊಂಡಿತು. ನಾನು ಅದನ್ನು ದೊಡ್ಡದಾಗಿ ತೆಗೆದುಕೊಳ್ಳಲಿಲ್ಲ.

ಕೊನೆಗೆ ಲಾಜ್ಗಿ. ಮೊದಲು ಬೆರಳ ತುದಿ ಮಾತ್ರ ನಡುಗಬೇಕು, ಆಮೇಲೆ ಮಣಿಕಟ್ಟು, ಆಮೇಲೆ ಭುಜ. ಕಲ್ಲಾಗಿದ್ದವರಿಗೆ ಜೀವ ಬರುವ ಹಾಗೆ. ಅಜ್ಜಿ ಗರ್ಮೋನನ್ನು ತಂಗಿಯ ಮಡಿಲಿಗೆ ಕೊಟ್ಟು, ಕೂತಲ್ಲೇ ಒಂದು ಕೈ ಎತ್ತಿದರು. ಗಂಟು ಕಟ್ಟಿದ ಆ ಬೆರಳುಗಳು ಗಾಳಿ ತಾಗಿದ ಎಲೆಯ ಹಾಗೆ ನಡುಗಿದವು. ಅಂಗಳದ ಹೆಂಗಸರೆಲ್ಲ ಎದ್ದರು, ನಾನೂ ಎದ್ದೆ, ಝುಮ್ರದ್ ನನ್ನ ಕಾಲ ಸಂದಿಯಲ್ಲಿ ಕುಣಿದಳು. ಒಮ್ಮೆ ಹಿಂತಿರುಗಿ ನೋಡಿದಾಗ ಅಜ್ಜ ಕಂಬದಿಂದ ಕೈ ತೆಗೆದಿದ್ದರು. ಎರಡು ಕೈಯೂ ಮಡಿಲಲ್ಲಿ ಅಂಗೈ ಮೇಲಾಗಿ ಬಿದ್ದಿದ್ದವು. ಗಡ್ಡ ಒದ್ದೆಯಾಗಿತ್ತು. ಮದುವೆಯ ದಿನ ಮುಸುಕು ತೆಗೆದಾಗ ಗಂಡು ನೋಡುವ ನೋಟವಿದೆಯಲ್ಲ, ಅದು ಈ ಮುಖದ ಮೇಲೆ ಇಷ್ಟು ತಡವಾಗಿ ಬಂದು ಕೂತಿತ್ತು.

ವಾಪಸು ಬರುವಾಗ ಬಾನಲ್ಲಿ ಇನ್ನೂ ಕೆಂಪಿತ್ತು. ಅಜ್ಜ ಸೈಕಲ್ಲು ತಳ್ಳುತ್ತಿದ್ದರು, ಹಿಂದೆ ಗರ್ಮೋನು, ಸೀಟಿನ ಮೇಲೆ ಝುಮ್ರದ್. ಬೀದಿ ತಿರುಗುವಲ್ಲಿ ಅಜ್ಜಿ ಸರಕ್ಕನೆ ಮುಂದೆ ಹೋಗಿ, ಸೈಕಲ್ಲಿಗೆ ಅಡ್ಡ ನಿಂತು, ಗಂಡನ ಮುಖಕ್ಕೆ ಮುಖ ಕೊಟ್ಟು ಕೇಳಿದರು.

"ಹೇಗಿತ್ತು?"



"ತಾಯಿ ಹೊಸ್ತಿಲಲ್ಲಿ ನಿಲ್ಲೋ ನುಡಿ ಎಲ್ಲಿಗೆ ಹೋಯ್ತು?" ಎಂದರು ಅಜ್ಜ.

ಅಜ್ಜಿಯ ಬಾಯಿ ತೆರೆದೇ ಇತ್ತು. "ಯಾರ್ರೀ ಹೇಳಿದ್ದು? ತಂಗಿನಾ?"

"ಹೇಳೋಕೆ ಯಾರು ಬೇಕು? ನುಂಗಿಬಿಟ್ಟೆ ಅದನ್ನ."

"ಮರೆತು ಹೋಯ್ತು."

"ಮರೆತದ್ದಲ್ಲ. ಅಲ್ಲಿ ನನ್ನ ಕಡೆ ನೋಡಿದೆ. ಖಲ್ಫಾ ಆದೋಳು ಮದುಮಗಳನ್ನ ನೋಡ್ಕೊಂಡು ಹಾಡಬೇಕು, ಮುದುಕನ್ನ ಅಲ್ಲ."

"ನೋಡಿದ್ನಂತೆ! ಆ ಟೋಪೀಲಿ ಕುರಿ ಬಂದು ಕೂತಿದೆಯೇನೋ ಅಂತ ನೋಡ್ದೆ!" ಅಜ್ಜಿಯ ಮುಖ ಹೊಸ ತಗಡಿನ ಹಾಗೆ ಹೊಳೆಯುತ್ತಿತ್ತು. "ಒಂದು ನುಡಿ ಬಿಟ್ರೆ ಏನಂತೆ? ಇಡೀ ಅಂಗಳ ಎದ್ದು ಕುಣೀತಲ್ಲ, ಅದು ಕಾಣಲಿಲ್ವಾ? ಬರೀ ತಪ್ಪು! ಯಾವಾಗ್ಲೂ ತಪ್ಪು! ಎಂಥ ಗಂಡನ ಕೈಗೆ ಕೊಟ್ರಪ್ಪಾ ನನ್ನ..."

ಮನೆಯ ಬಾಗಿಲವರೆಗೂ ಬೈದರು. ಬೀದಿಯ ಕಿಟಕಿಯೊಂದರಿಂದ ಯಾರೋ "ಬಂದಳಪ್ಪಾ ಖಲ್ಫಾ!" ಎಂದರು. ಅಜ್ಜಿಗೆ ಕಿವಿಯ ವಿಷಯ ತಿಳಿದಿದೆಯೋ ಇಲ್ಲವೋ ನಾನು ಕೇಳಿಲ್ಲ. ಎದುರಿಗೆ ಬಂದು ನಿಂತು ಕೇಳಿದ್ದನ್ನು ಮಾತ್ರ ನೋಡಿದೆ. ಕೆಲವನ್ನು ಕೇಳಬಾರದು.

ಇವತ್ತು ಬೆಳಿಗ್ಗೆ ನಾನು ಹಿಟ್ಟು ನಾದುತ್ತಿದ್ದಾಗ ಮತ್ನಿಯಾಜ್ ಅಜ್ಜ ಬಂದರು. ನಮ್ಮ ಸೋರುತ್ತಿದ್ದ ಬಕೆಟ್ಟನ್ನು ಹೇಳದೆಯೇ ತೆಗೆದುಕೊಂಡು ಹೋಗಿ ಬೆಸುಗೆ ಹಾಕಿ ತಂದಿದ್ದರು. ಅದನ್ನು ಕೆಳಗಿಟ್ಟವರು ಹೋಗಲಿಲ್ಲ. ಟೋಪಿ ಸರಿಮಾಡಿಕೊಂಡರು.

"ಸೊಸೆ, ಭಾನುವಾರ ಸುಣ್ಣದವರ ಬೀದೀಲಿ ಮದುವೆ. ಅವಳನ್ನ ಕರೆದಿದ್ದಾರೆ."

"ಒಳ್ಳೇದಾಯ್ತಲ್ಲ ಅಜ್ಜ."

"ಹಬ್ಬ ಮುಗೀತು. ಮದುವೆ ಮನೆ ಒಳಗೆ ನನ್ನನ್ನ ಬಿಡ್ತಾರಾ? ಅವಳ ಮುಖ ಕಾಣಲ್ಲ. ಬೆನ್ನು ಕೊಡೋಣ ಅಂದ್ರೆ ಅವರದು ಕಬ್ಬಿಣದ ಗೇಟು, ಗಾಳಿ ಬಂದ್ರೂ ಅದುರುತ್ತೆ." ನನ್ನ ಹಿಟ್ಟಿನ ಕೈಗಳನ್ನು ನೋಡುತ್ತ ನಿಂತರು. "ನಿನ್ನನ್ನ ಹೇಗೂ ಕರೀತಾರೆ. ಅವಳ ಎದುರಿಗೇ ಕೂತ್ಕೋ ಮಗಳೇ. ಸರಿಯಾಗಿ ಕೇಳು. ಆಮೇಲೆ ಅವಳಿಗಿಂತ ಮುಂಚೆ ಹೊರಗೆ ಬಂದು, ನನ್ನ ಮುಖಕ್ಕೆ ಮುಖ ಕೊಟ್ಟು, ಅವಳದೊಂದು ತಪ್ಪು ಹೇಳಿಬಿಡು. ದೊಡ್ಡದು ಬೇಡ. ಒಂದು ಸಣ್ಣ ತಪ್ಪು, ಮನೆ ಮುಟ್ಟೋ ತನಕ ಸಾಕಾಗೋಷ್ಟು."